ಮಿತಿ ನೂರು, ಕಾರು ಇನ್ನೂರು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾದ ಜಗಳ ಇದು. ಹಿಂದಿನ ದಿನ ನಾನು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಿ ಬಂದದ್ದನ್ನು ಯಾರೂ ಕೇಳಿ ತಿಳಿಯಬೇಕಿರಲಿಲ್ಲ, ಮುಖ ಸುಟ್ಟ ಬದನೆಕಾಯಿ ಆಗಿತ್ತು. ಭಾವ ಸಾರು ಬಡಿಸಿಕೊಳ್ಳುತ್ತಾ, ‘ಅಲ್ಲಪ್ಪಾ, ನಲವತ್ತೇಳು ವರ್ಷ ಆಯ್ತು ನಿಂಗೆ’ ಎಂದು ಆರಂಭಿಸಿದರು. ಪಾಯಸ ಬರುವ ಹೊತ್ತಿಗೆ ಅಕ್ಕ, ಅಕ್ಕನ ಮಗಳು, ಊಟಕ್ಕೆ ಬಂದಿದ್ದ ಎದುರುಮನೆಯ ನಿವೃತ್ತ ಎಂಜಿನಿಯರು ಎಲ್ಲರೂ ಒಂದು ಪಕ್ಷ, ನಾನೊಬ್ಬ ಇನ್ನೊಂದು. ಬಾಯಲ್ಲಿ ಶ್ಯಾವಿಗೆ ಇಟ್ಟುಕೊಂಡು ವಾದ ಮಾಡಲಾಗದೆ ಅವತ್ತು ಸೋತೆ. ಈಗ ಬರೆದು ಉತ್ತರ ಕೊಡುತ್ತಿದ್ದೇನೆ. ಬರೆಯುವಾಗ ನಡುವೆ ಯಾರೂ ಬಾಯಿ ಹಾಕಲಾರರು ಎಂಬ ಅನುಕೂಲವನ್ನು ನಾಚಿಕೆಯಿಲ್ಲದೆ ಬಳಸಿಕೊಳ್ಳುತ್ತೇನೆ.

ಮೊದಲಿಗೆ, ಅದು ರೇಸ್ ಅಲ್ಲ. ಟ್ರ್ಯಾಕ್ ಡೇ ಎಂದರೆ ನಂಬರ್ ಪ್ಲೇಟ್ ಇರುವ, ಸೋಮವಾರ ಆಫೀಸಿಗೆ ಹೋಗಬೇಕಾದ ಮನೆ ಕಾರನ್ನೇ ಶುಲ್ಕ ಕೊಟ್ಟು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ನಾನು ಹೋದಲ್ಲಿ ಹೊಸಬರದ್ದೊಂದು ಗುಂಪು, ಪಳಗಿದವರದ್ದೊಂದು. ಒಂದೊಂದು ಸರದಿಗೆ ಹದಿನೈದು ನಿಮಿಷ. ಮುಂದಿನ ಕಾರಿನವನು ಕಿಟಕಿಯಿಂದ ಕೈ ತೋರಿಸಿ ದಾರಿ ಬಿಟ್ಟರಷ್ಟೇ, ಅದೂ ನೇರ ಹಾದಿಯಲ್ಲಷ್ಟೇ, ಹಿಂದಿಕ್ಕಬೇಕು. ಬಹುಮಾನ ಇಲ್ಲ, ಮೊದಲನೆಯವನು ಕೊನೆಯವನು ಇಲ್ಲ. ಆ ಟ್ರ್ಯಾಕನ್ನು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕಟ್ಟಿ 1990ರಲ್ಲಿ ತೆರೆದರು. ಅದಕ್ಕೂ ಮುಂಚೆ ಅವರು ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನದ ಓಡುದಾರಿಯ ಮೇಲೆ ರೇಸ್ ನಡೆಸುತ್ತಿದ್ದರು. ಇರುಂಗಾಟ್ಟುಕೋಟೈಯದು ಸುತ್ತಿಗೆ 3.7 ಕಿಲೋಮೀಟರು, ಹನ್ನೆರಡು ತಿರುವು. ಬೆಂಗಳೂರಿನವರಿಗೆ ಹತ್ತಿರವೆನ್ನಬಹುದಾದ ಇನ್ನೊಂದು ಟ್ರ್ಯಾಕ್ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ ಕೂರಿಸಿ ಅಗ್ಗದ ರೇಸ್ ಕಾರು ಮಾಡಿದ, 1995ರಲ್ಲಿ ಪುಟ್ಟ ವಿಮಾನ ಬಿದ್ದು ತೀರಿಕೊಂಡ ಕರಿವರ್ಧನ್ ಅವರ ಹೆಸರಿನದು. ಐಟಿಬಿಟಿ ನಗರ ಎಂದು ಬೀಗುವ ನಾವು ಬ್ರೇಕ್ ಒತ್ತುವುದು ಕಲಿಯಲು ಹೊಸೂರು ದಾಟಿಯೇ ಹೋಗಬೇಕು. ಅದು ಬೇರೆ ಜಗಳ, ಇರಲಿ.

‘ರಸ್ತೆಯಲ್ಲಿ ಮಿತಿ ನೂರು. ಇನ್ನೂರು ಹೋಗೋ ಕಾರು ಯಾಕೆ ಬೇಕು?’ ಇದು ಭಾವನ ಪ್ರಶ್ನೆ. ಭಾವಾ, ನಿಮ್ಮ ಡೀಸೆಲ್ ಎಸ್‌ಯುವಿಯ ಮೀಟರಿನಲ್ಲೂ ಇನ್ನೂರು ಅಂತಲೇ ಬರೆದಿದೆ. ಅಶ್ವಶಕ್ತಿಯಲ್ಲಂತೂ ಅದು ನನ್ನ ಕಾರಿಗಿಂತ ಮೇಲೆ. ನನ್ನದು ಹತ್ತು ವರ್ಷ ಹಳೆಯ ಪೋಲೋ ಜಿಟಿ ಟಿಎಸ್‌ಐ, 1.2 ಲೀಟರ್, 105 ಅಶ್ವಶಕ್ತಿ. ಶೋರೂಮಿನ ಹುಡುಗನೂ ಇವತ್ತು ಈ ಸಂಖ್ಯೆಗೆ ಹುಬ್ಬೇರಿಸುವುದಿಲ್ಲ. 2000ದ ಹೊತ್ತಿಗೆ ಬಂದ ಹೋಂಡಾ ಸಿಟಿ ವಿಟೆಕ್‌ಗೂ 106 ಮಾತ್ರ. ಆದರೂ ಒಳ್ಳೆ ಸ್ಥಿತಿಯ ವಿಟೆಕ್ ಎಲ್ಲಾದರೂ ಇದೆಯೆಂದರೆ ಹುಚ್ಚರು ಈಗಲೂ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಾರೆ. ಗರಿಷ್ಠ ವೇಗಕ್ಕೆ ಮರುಳಾಗಿ ಹೋಗುವುದಲ್ಲ ಅದು.

ಹಾಗಾದರೆ ಯಾವುದಕ್ಕೆ? ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮಂಜರಾಬಾದ್ ಕೋಟೆ ದಾಟಿ ಘಾಟಿ ಇಳಿಯುವಾಗ ಒಂದು ಎಡ ತಿರುವಿಗೆ ನಲವತ್ತರಲ್ಲಿ ಬರುತ್ತೀರಿ ಅನ್ನಿ. ಸ್ಟೀರಿಂಗ್ ತಿರುಗಿಸಿದಾಗ ಕೆಲವು ಕಾರುಗಳು ಒಮ್ಮೆ ಆಕಳಿಸಿ, ಬಲಕ್ಕೆ ವಾಲಿ, ಆಮೇಲೆ ಮನಸ್ಸು ಮಾಡಿ ತಿರುಗುತ್ತವೆ. ಇನ್ನು ಕೆಲವು ನೀವು ತಿರುಗಿಸಿದಷ್ಟೇ, ತಿರುಗಿಸಿದಾಗಲೇ ತಿರುಗುತ್ತವೆ. ಮುಂದಿನ ಚಕ್ರದ ಕೆಳಗೆ ಒದ್ದೆ ಎಲೆ ಬಂತೆಂಬ ಸುದ್ದಿ ಅಂಗೈಗೆ ತಲುಪುತ್ತದೆ. ಸೊಂಟಕ್ಕೆ ಹಿಂದಿನ ಚಕ್ರಗಳ ಸಮಾಚಾರ ಬೇರೆ ಬರುತ್ತದೆ. ಈ ಮಾತುಕತೆ ನಲವತ್ತರಲ್ಲೂ ನಡೆಯುತ್ತದೆ, ಸಿಲ್ಕ್ ಬೋರ್ಡ್ ಮೇಲ್ಸೇತುವೆಯ ತಿರುವಿನಲ್ಲೂ ನಡೆಯುತ್ತದೆ. ಸ್ಪೋರ್ಟಿ ಎಂದು ಹಣೆಪಟ್ಟಿ ಅಂಟಿಸಿಕೊಂಡ ಎಲ್ಲ ಕಾರುಗಳಿಗೂ ಈ ಗುಣ ಇದೆಯೆಂದಲ್ಲ, ಅರ್ಧಕ್ಕರ್ಧ ಬರೀ ಕೆಂಪು ದಾರದ ಹೊಲಿಗೆ. ಆದರೆ ಇರುವ ಕಾರಿನಲ್ಲಿ ಒಮ್ಮೆ ಕೂತವನಿಗೆ ಉಳಿದವು ಸಪ್ಪೆ. ಅಕ್ಕ ಮನೆಯಲ್ಲಿ ತಂಜಾವೂರು ವೀಣೆ ಇಟ್ಟಿದ್ದಾಳೆ. ಚೌಡಯ್ಯ ಹಾಲಿನಲ್ಲಿ ಕಚೇರಿ ಕೊಡುವುದಿಲ್ಲವಲ್ಲ, ಅಷ್ಟು ದುಬಾರಿ ವೀಣೆ ಯಾಕೆ ಎಂದು ಭಾವ ಇದುವರೆಗೆ ಕೇಳಿಲ್ಲ. ಕೇಳುವ ಧೈರ್ಯವಿಲ್ಲ ಎನ್ನುವುದು ಬೇರೆ ವಿಷಯ.

ಇನ್ನು ಎಂಜಿನಿಯರರ ಆಕ್ಷೇಪ. ಇದ್ದವುಗಳಲ್ಲಿ ತೂಕದ್ದು ಇದೇ, ಹಾಗಾಗಿ ಇಲ್ಲಿ ನಿಧಾನಿಸುತ್ತೇನೆ. ‘ಅಲ್ಲಿ ರುಚಿ ಹತ್ತಿದವರು ಇಲ್ಲೂ ಹಾಗೇ ಓಡಿಸ್ತಾರೆ. ಕಲಿತಿದ್ದೀನಿ ಅನ್ನೋ ಜಂಭವೇ ಕೊಲ್ಲೋದು’ ಎಂದರು. ಅಷ್ಟಕ್ಕೇ ಬಿಡದೆ ನಾರ್ವೆಯ ಉದಾಹರಣೆ ಕೊಟ್ಟರು. ಅಲ್ಲಿ ಹೊಸ ಚಾಲಕರಿಗೆ ಜಾರು ರಸ್ತೆಯ ಮೇಲೆ ಕಾರು ಹಿಡಿತಕ್ಕೆ ತರುವ ತರಬೇತಿ ಕಡ್ಡಾಯ ಮಾಡಿದ್ದರು. ಎಂಬತ್ತರ ದಶಕದಲ್ಲಿ ಲೆಕ್ಕ ಹಾಕಿ ನೋಡಿದರೆ ಹುಡುಗರ ಅಪಘಾತ ಇಳಿಯುವ ಬದಲು ಏರಿತ್ತು. ಜಾರಿದರೆ ಸರಿಮಾಡಿಕೊಳ್ಳಬಲ್ಲೆ ಎಂದುಕೊಂಡವನು ಜಾರುವ ವೇಗದಲ್ಲೇ ಹೋಗುತ್ತಾನೆ, ಅಷ್ಟೆ.

ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ಟ್ರ್ಯಾಕಿಗೆ ಹೋಗಿ ಬಂದವರೆಲ್ಲ ಸಾಧುಗಳಾಗುತ್ತಾರೆಂದು ಹೇಳಿದರೆ ನಾನು ಸುಳ್ಳುಗಾರ. ಅಲ್ಲಿಂದ ಮರಳುವಾಗ ರಾಣಿಪೇಟೆಯ ಹತ್ತಿರ ನಮ್ಮದೇ ಗುಂಪಿನ ಒಬ್ಬ ಲಾರಿಗಳ ನಡುವೆ ಹೊಲಿಗೆ ಹಾಕುತ್ತಾ ಹೋದದ್ದನ್ನು ನೋಡಿದ್ದೇನೆ. ಮುಂದಿನ ಸಲ ಅವನನ್ನು ಕರೆಯಲಿಲ್ಲ. ಆದರೆ ನಾರ್ವೆಯ ಹುಡುಗರು ಕಲಿತದ್ದು ತಪ್ಪಿದ ಮೇಲೆ ಬಚಾವಾಗುವ ಉಪಾಯ. ನಾನು ಟ್ರ್ಯಾಕಿನಲ್ಲಿ ಕಲಿತದ್ದು ಇನ್ನೊಂದು: ವೇಗಕ್ಕೆ ಬಿಲ್ಲು ಇದೆ, ಮತ್ತು ಅದನ್ನು ಯಾರೋ ಕಟ್ಟಲೇಬೇಕು ಎಂಬುದು. ರಸ್ತೆಯಲ್ಲಿ ಆ ಬಿಲ್ಲು ಕಣ್ಣಿಗೆ ಬೀಳುವುದೇ ಇಲ್ಲ. ನೂರರಲ್ಲಿ ಹೋದರೂ ನೂರಿಪ್ಪತ್ತರಲ್ಲಿ ಹೋದರೂ ಎಸಿ ಅಷ್ಟೇ ತಂಪು, ಹಾಡು ಅದೇ ಹಾಡು. ಒಂದು ದಿನ ಒಟ್ಟಿಗೇ ಬಡ್ಡಿ ಸಮೇತ ವಸೂಲಿ.

ಮೊದಲ ಸಲ ಹೋದಾಗ ಆದದ್ದು ಹೇಳುತ್ತೇನೆ. ಎರಡನೇ ಸರದಿ, ನಾಲ್ಕನೇ ಸುತ್ತು. ಪಕ್ಕದ ಸೀಟಿನಲ್ಲಿ ಹೇಳಿಕೊಡುವವರಿದ್ದರು, ಐವತ್ತು ದಾಟಿದ ಮಿತಭಾಷಿ ತಮಿಳರು. ಮುಖ್ಯ ನೇರದಲ್ಲಿ ಮೀಟರು ನೂರೈವತ್ತು ತೋರಿಸುತ್ತಿತ್ತು. ಗುರುತಿಟ್ಟುಕೊಂಡಿದ್ದ ಫಲಕದ ಬಳಿ ಬ್ರೇಕ್ ಒತ್ತಿದೆ. ಹಿಂದಿನ ಸುತ್ತಿನಲ್ಲಿ ಗಟ್ಟಿಯಾಗಿ ನಿಂತಿದ್ದ ಪೆಡಲು ಈ ಸಲ ಬೆಣ್ಣೆಗೆ ಕಾಲಿಟ್ಟಂತೆ ಕೆಳಗೆ ಹೋಯಿತು. ಕಾರು ನಿಧಾನವಾಯಿತು, ಆದರೆ ತನಗೆ ಬೇಕಾದಂತೆ, ಬೇಕಾದಾಗ. ತಿರುವನ್ನು ದಾಟಿ ಡಾಂಬರಿನ ಅಂಚಿನ ಮಣ್ಣಿಗೆ ಎರಡು ಚಕ್ರ ಹೋಗಿ ಬಂದವು. ಹೇಳಿಕೊಡುವವರು ಬೈಯಲಿಲ್ಲ. ಎಡಗೈಯ ಬೆರಳಿನಿಂದ ಕಾರು ನಿಲ್ಲಿಸುವ ಪಿಟ್ ಕಡೆ ತೋರಿಸಿದರು. ಒಳಗೆ ಬಂದು ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಹೊಗೆ, ಸುಟ್ಟ ಉಗುರಿನಂಥ ವಾಸನೆ. ಹ್ಯಾಂಡ್‌ಬ್ರೇಕ್ ಹಾಕಲು ಹೋದ ಕೈಗೆ ಮೆಲ್ಲಗೆ ಒಂದೇಟು ಬಿತ್ತು. ಕಾದ ಬ್ರೇಕು ಕಚ್ಚಿ ನಿಂತರೆ ಅಂಟಿಕೊಳ್ಳುತ್ತದಂತೆ, ಗೇರನ್ನು ‘ಪಿ’ಯಲ್ಲಿ ಬಿಡಬೇಕು.

ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: ‘ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ?’ ಮೂರೂವರೆ ವರ್ಷವಾಗಿತ್ತು. ಅದು ನನ್ನದೇ ಸೋಮಾರಿತನ.

ಆ ಎಣ್ಣೆಯ ಗುಣವೇನೆಂದರೆ ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಕುದ್ದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ, ಹಾಗಾಗಿ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗೆ. ಅಷ್ಟು ಶಾಖ ಎಲ್ಲಿಂದ ಬಂತು ಎಂದು ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಇಬ್ಬರು ಕೂತ ನನ್ನ ಕಾರು ಸುಮಾರು 1200 ಕಿಲೋ. ಅದನ್ನು ನೂರೈವತ್ತರಿಂದ ಎಪ್ಪತ್ತಕ್ಕೆ ಇಳಿಸಿದರೆ ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಹುಟ್ಟುತ್ತದೆ. ಮನೆಯ ಗ್ಯಾಸ್ ಒಲೆಗೆ ಎಂಟು ಹತ್ತು ನಿಮಿಷದ ಕೆಲಸ. ಬ್ರೇಕಿಗೆ ನಾಲ್ಕೈದು ಸೆಕೆಂಡು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ, ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಎನ್ನುವುದು, ಮೂವತ್ತು ವರ್ಷದ ಮೇಲೆ ಅಂಗಾಲಿಗೆ ಅರ್ಥವಾಯಿತು.

ಎಂಜಿನಿಯರ್ ಸಾಹೇಬರೇ, ಈಗ ನೀವು ಹೇಳಿ. ಆ ಕೊಳೆತ ಎಣ್ಣೆಯನ್ನೇ ಇಟ್ಟುಕೊಂಡು ನಾನು ಹಿಂದಿನ ಡಿಸೆಂಬರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಇಳಿದಿದ್ದೆ. ಧರ್ಮಸ್ಥಳಕ್ಕೆ ಹೋಗುವ ಎಷ್ಟೋ ಮಂದಿ ಆ ಘಾಟಿಯಲ್ಲಿ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿಕೊಂಡು, ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿಯುತ್ತಾರೆ. ಅಲ್ಲಿ ಪೆಡಲು ಬೆಣ್ಣೆಯಾದರೆ ಅಂಚಿನಲ್ಲಿ ಇರುವುದು ಮಣ್ಣಲ್ಲ. ಟ್ರ್ಯಾಕಿನಲ್ಲಿ ಆ ಬಿಲ್ಲು ನನಗೆ ಒಂದು ಲೀಟರ್ ಎಣ್ಣೆ, ಒಂದು ಜೊತೆ ಪ್ಯಾಡು, ಸ್ವಲ್ಪ ಅವಮಾನಕ್ಕೆ ಮುಗಿಯಿತು. ಆ ಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹಿಂದಿನವನು ಲೈಟು ಮಿನುಗಿಸಿದರೆ ನಾನು ಎಡಕ್ಕೆ ಸರಿದು ದಾರಿ ಬಿಡುತ್ತೇನೆ. ಮುಂಚೆ ಬಿಡುತ್ತಿರಲಿಲ್ಲ. ಇದು ಇಡೀ ಲೋಕಕ್ಕೆ ಅನ್ವಯಿಸುವ ಪುರಾವೆ ಎಂದು ನಾನು ಹೇಳುತ್ತಿಲ್ಲ. ನನ್ನ ಸಾಕ್ಷಿ, ನನ್ನ ಮಟ್ಟಿಗೆ.

ಇನ್ನೊಂದು ಮಾತು ಇದಕ್ಕೇ ಸೇರಿದ್ದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವು ಅತಿವೇಗದ ಖಾತೆಗೆ. ಆ ವೇಗ ಟ್ರ್ಯಾಕಿನಲ್ಲಿ ಹುಟ್ಟಿದ್ದಲ್ಲ. ಹಾಗೆ ಓಡಿಸಿದವರಲ್ಲಿ ಬಹುತೇಕರು ಟ್ರ್ಯಾಕ್ ಕಂಡವರೇ ಅಲ್ಲ. ವಿಮಾನ ನಿಲ್ದಾಣದ ರಸ್ತೆಯಲ್ಲಿ ರಾತ್ರಿ ವೀಲಿ ಮಾಡುವ ಹುಡುಗರನ್ನು ಪೊಲೀಸರು ಹಿಡಿಯುತ್ತಾರೆ, ಬೈಕು ವಶಪಡಿಸಿಕೊಳ್ಳುತ್ತಾರೆ; ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆಯಲ್ಲಿ ರೇಸ್ ಮಾಡುವುದನ್ನು ಅಪರಾಧವೆನ್ನುತ್ತದೆ. ಎಲ್ಲ ಸರಿಯೇ. ಆದರೆ ಎಲ್ಲಿ ಮಾಡಬಾರದೆಂದು ಹೇಳಿದವರು ಎಲ್ಲಿ ಮಾಡಬಹುದೆಂದೂ ಹೇಳಬೇಕಲ್ಲ? ತುಳುನಾಡಿನವರಿಗೆ ಇದು ಗೊತ್ತಿತ್ತು. ಕೋಣಕ್ಕೂ ಓಡಿಸುವವನಿಗೂ ಮೈಯಲ್ಲಿ ಉಕ್ಕುವುದಿದೆ ಎಂದು ತಿಳಿದೇ ಗದ್ದೆಯಲ್ಲಿ ಕೆಸರು ಕಲಸಿ ಕಂಬಳದ ಕರೆ, ಅಂದರೆ ಓಟದ ಹಾದಿ, ಕಟ್ಟಿದರು, ಕೊನೆಯಲ್ಲಿ ಕೋಣ ನಿಲ್ಲಲು ಏರು ಬಿಟ್ಟರು. ನಮ್ಮ ಟ್ರ್ಯಾಕಿನ ಅಂಚಿನ ಮಣ್ಣಿಗೂ ಆ ಏರಿಗೂ ಕೆಲಸ ಒಂದೇ. ಮೂಡುಬಿದಿರೆಯ ಪೇಟೆಬೀದಿಯಲ್ಲಿ ಯಾರೂ ಕಂಬಳದ ಕೋಣ ಓಡಿಸಿದ್ದು ನಾನು ಕೇಳಿಲ್ಲ.

‘ಇದು ದುಡ್ಡಿದ್ದವರ ಆಟ’ ಎನ್ನುವ ಮಾತೂ ಬಂತು. ಅರ್ಧ ಒಪ್ಪುತ್ತೇನೆ. ಕಾರೇ ಇಲ್ಲದವನಿಗೆ ಇದು ಆಟವಲ್ಲ, ದೂರದ ಸದ್ದು. ಆದರೆ ಕೆಂಪು ಇಟಾಲಿಯನ್ ಕಾರುಗಳ ಮೇಳ ಎಂದುಕೊಂಡಿದ್ದರೆ ಒಮ್ಮೆ ಬಂದು ನೋಡಿ. ನಾನು ಹೋದ ದಿನ ಅಂಥದ್ದು ಒಂದಿತ್ತು, ಅದರ ಒಡೆಯ ಮೂರು ಸುತ್ತು ಹಾಕಿ ಫೋಟೊ ತೆಗೆಸಿಕೊಂಡು ಹೊರಟ. ಇಡೀ ದಿನ ಬೆವರು ಸುರಿಸಿದವು ಹಳೆಯ ಸ್ವಿಫ್ಟ್‌ಗಳು, ಪೋಲೋಗಳು, ಒಂದು ಅಬಾರ್ಥ್ ಪುಂಟೊ, ಹಿಂದಿನ ಸೀಟು ಕಿತ್ತುಹಾಕಿದ ಒಂದು ಎಸ್ಟೀಮ್. ಎಸ್ಟೀಮಿನವರು ಹೊಸೂರಿನ ಕಾರ್ಖಾನೆಯಲ್ಲಿ ಟೂಲ್‌ರೂಮ್ ಕೆಲಸದವರು, ಸ್ಟೆಪ್ನಿ ಬದಲಿಸುವ ವೇಗದಲ್ಲಿ ಪ್ಯಾಡು ಬದಲಿಸಿದರು. ಶುಲ್ಕ, ಪೆಟ್ರೋಲು, ಟೋಲು, ಟಯರಿನ ಸವಕಲು ಸೇರಿಸಿದರೂ ನನ್ನ ಖರ್ಚು ಭಾವನ ಗೋವಾ ವಾರಾಂತ್ಯಕ್ಕಿಂತ ಕಡಿಮೆ. ಗೋವಾದ ಲೆಕ್ಕ ಅಕ್ಕನ ಹತ್ತಿರ ಇದೆ.

ಅಕ್ಕನ ಮಗಳು ಪರಿಸರ ವಿಜ್ಞಾನ ಓದುತ್ತಾಳೆ. ‘ಸುಮ್ನೆ ಗಿರಗಿರ ಸುತ್ತಿ ಪೆಟ್ರೋಲ್ ಸುಡೋದಾ ಮಾಮಾ?’ ಎಂದಳು. ಅವಳಿಗೆ ಲೆಕ್ಕವನ್ನೇ ಕೊಡುತ್ತೇನೆ. ದಿನಕ್ಕೆ ಮೂವತ್ತು ಸುತ್ತು, ಅಂದರೆ ನೂರಹನ್ನೊಂದು ಕಿಲೋಮೀಟರು. ಆ ಓಟದಲ್ಲಿ ನನ್ನ ಕಾರು ಲೀಟರಿಗೆ ನಾಲ್ಕೂವರೆಗಿಂತ ಹೆಚ್ಚು ಕೊಡುವುದಿಲ್ಲ. ಇಪ್ಪತ್ತೈದು ಲೀಟರು ಅಲ್ಲಿಗೆ ಬೇಕು. ಹೋಗಿ ಬರುವ ಆರುನೂರಿಪ್ಪತ್ತು ಕಿಲೋಮೀಟರಿಗೆ ನಲವತ್ತು ಲೀಟರು. ಅಂದರೆ ಗಿರಗಿರ ಸುತ್ತಿದ್ದಕ್ಕಿಂತ ಸುತ್ತಲು ಹೋದದ್ದೇ ಹೆಚ್ಚು ಸುಟ್ಟಿತು! ಟಯರಿನ ಪುಡಿ, ಬ್ರೇಕಿನ ಪುಡಿ ಬೇರೆ. ತಪ್ಪಿಲ್ಲವೆಂದು ಹೇಳುವುದಿಲ್ಲ, ವರ್ಷಕ್ಕೆ ಎರಡು ದಿನದ ತಪ್ಪು ಎನ್ನುತ್ತೇನೆ. ಉಳಿದ ದಿನ ನಾನು ಹೆಚ್ಚಾಗಿ ಮೆಟ್ರೋದಲ್ಲಿ ಹೋಗುವವನು, ಏಕೆಂದರೆ ಕಾರು ಓಡಿಸುವುದನ್ನು ಪ್ರೀತಿಸುವವನಿಗೆ ಹೊರವರ್ತುಲ ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಒಂದು ಗಂಟೆ ತೆವಳುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎಲೆಕ್ಟ್ರಿಕ್ ಕಾರು ಬರಲಿ, ನನ್ನ ತಕರಾರಿಲ್ಲ. ಸದ್ಯಕ್ಕೆ ಅವು ಭಾರ, ಸತತ ಓಟಕ್ಕೆ ಬ್ಯಾಟರಿ ಕಾದು ಬಲ ಇಳಿಸುವಂಥವೇ ಹೆಚ್ಚು. ಹಗುರಾದ ದಿನ ನೀನೇ ಓಡಿಸು, ಪಕ್ಕದಲ್ಲಿ ನಾನು ಕೂರುತ್ತೇನೆ.

ಅಕ್ಕ ವಾದ ಮಾಡಲಿಲ್ಲ. ‘ಏನಾದ್ರೂ ಆದ್ರೆ?’ ಎಂದಳು, ಅಷ್ಟೇ. ಇದಕ್ಕೆ ಜಾಣ ಉತ್ತರ ಕೊಡಲು ಹೋಗುವುದು ತಪ್ಪು. ಆಗುತ್ತದೆ. 2023ರ ಜನವರಿಯಲ್ಲಿ ಅದೇ ಟ್ರ್ಯಾಕಿನಲ್ಲಿ ಕೆ. ಇ. ಕುಮಾರ್ ಎಂಬ ಹಿರಿಯ ಚಾಲಕರು ಸಲೂನ್ ಕಾರುಗಳ ರೇಸಿನಲ್ಲಿ ಇನ್ನೊಂದು ಕಾರಿಗೆ ತಾಗಿ ಹೊರಗೆ ಹಾರಿ ತೀರಿಕೊಂಡರು. ದಶಕಗಳ ಅನುಭವ ಇದ್ದವರು. ಅದೇ ವರ್ಷ ಬೈಕ್ ರೇಸಿನಲ್ಲಿ ಎಳೆಯ ಹುಡುಗನೊಬ್ಬ ಹೋದ. ಅವೆಲ್ಲ ರೇಸು, ನಮ್ಮದು ರೇಸಲ್ಲ ಎಂದು ಹೇಳಿ ಜಾರಿಕೊಳ್ಳಬಹುದು. ಎದುರಿನಿಂದ ವಾಹನ ಬಾರದ, ಅಡ್ಡ ಹಸು ಬಾರದ, ಹೆಲ್ಮೆಟ್ ಇಲ್ಲದೆ ಬಿಡದ, ತಿರುವಿಗೊಬ್ಬ ಬಾವುಟದವನು ನಿಂತಿರುವ, ಆಂಬುಲೆನ್ಸ್ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವ ಜಾಗ ಎಂದೂ ಹೇಳಬಹುದು. ಎಲ್ಲ ನಿಜ. ಗೋಡೆ ಮಾತ್ರ ಅಲ್ಲೂ ಗೋಡೆಯೇ.

ವಿಮೆಯ ವಿಷಯದಲ್ಲಿ ಅಕ್ಕನಿಗೆ ಇನ್ನೂ ಗೊತ್ತಿಲ್ಲದ್ದನ್ನು ನಾನೇ ಹೇಳಿಬಿಡುತ್ತೇನೆ. ನಮ್ಮ ಖಾಸಗಿ ಕಾರಿನ ಪಾಲಿಸಿಯಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಆಯೋಜಿತ ರೇಸು, ವೇಗಪರೀಕ್ಷೆ ಇತ್ಯಾದಿಗೆ ಬಳಸಿದರೆ ರಕ್ಷಣೆಯಿಲ್ಲ ಎಂದಿದೆ. ಟ್ರ್ಯಾಕ್ ಡೇ ರೇಸಲ್ಲ ಎಂದು ಭಾವನ ಮುಂದೆ ವಾದಿಸಿದ ಹಾಗೆ ವಿಮಾ ಕಂಪನಿಯ ಮುಂದೆ ವಾದಿಸಿ ಗೆಲ್ಲುವ ಭರವಸೆ ನನಗಿಲ್ಲ. ಹಾಗಾಗಿ ಗೇಟು ದಾಟುವ ಮೊದಲು, ಇವತ್ತು ಕಾರು ಗುಜರಿಯಾದರೆ ನನ್ನ ಜೇಬಿನಿಂದಲೇ ಹೋಗುತ್ತದೆ ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮೇಲೆ ಮೊದಲ ಸುತ್ತು ತಾನಾಗಿಯೇ ನಿಧಾನ. ಹೊಸ ಕಾರು, ಸಾಲದ ಕಾರು ತರುವವರನ್ನು ಕಂಡರೆ ಬೇಡ ಎನ್ನುತ್ತೇನೆ. ಕೇಳುವುದಿಲ್ಲ, ಅದು ಬೇರೆ.

ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. ನಿಜವಾದ ರೇಸಿನವರು ನಮ್ಮನ್ನು ನೋಡಿ ನಗುತ್ತಾರೆ: ಎದುರಾಳಿಯಿಲ್ಲ, ಗಡಿಯಾರವಿಲ್ಲ, ಇದೇನು ಮದುವೆ ಮೆರವಣಿಗೆಯೇ ಎಂದು. ಹೌದು ಸ್ವಾಮಿ, ಮೆರವಣಿಗೆಯೇ. ಬೆಳಿಗ್ಗೆ ವಾಕಿಂಗ್ ಹೋಗುವವರನ್ನು ಒಲಿಂಪಿಕ್ಸಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವುದಿಲ್ಲವಲ್ಲ, ಹಾಗೆ ನಮ್ಮನ್ನೂ ಬಿಡಿ.

ನಲವತ್ತೇಳರ ವಯಸ್ಸಿನ ಬಗ್ಗೆ ಭಾವ ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಅವರು ಐವತ್ತೆರಡಕ್ಕೆ ಬುಲೆಟ್ ಕೊಂಡು ಲಡಾಖಿಗೆ ಹೋದವರು.

ಕೊನೆಯ ದೂರು ಊಟದ ದಿನ ಬಂದದ್ದಲ್ಲ, ಮರುದಿನ ಲಿಫ್ಟಿನಲ್ಲಿ ಬಂದದ್ದು. ಕೆಳಮನೆಯ ಅಜ್ಜಿ ಬಾಗಿಲು ಮುಚ್ಚುವವರೆಗೆ ಸುಮ್ಮನಿದ್ದು, ‘ಶನಿವಾರ ಬೆಳಗಿನ ಜಾವ ಮೂರೂವರೆಗೆ ಕೆಳಗೆ ಗುರ್ ಗುರ್ ಅಂತಿದ್ದಿದ್ದು ನಿಮ್ಮ ಕಾರೇ ಏನಪ್ಪಾ?’ ಎಂದರು. ನನ್ನದರ ಸೈಲೆನ್ಸರ್ ಕಂಪನಿ ಕೊಟ್ಟದ್ದೇ, ಸದ್ದು ನನ್ನದಲ್ಲ. ಜೊತೆಗೆ ಹೊರಟ ಇಬ್ಬರು ಗೆಳೆಯರದ್ದು, ಅವರು ನನ್ನ ಮನೆಯ ಕೆಳಗೇ ಸೇರಿದ್ದರು, ನಾನು ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಇಳಿಯುವವರೆಗೆ ಎಂಜಿನ್ ಆರಿಸದೆ ನಿಂತಿದ್ದರು. ಇಷ್ಟೆಲ್ಲ ಹೇಳಲು ಲಿಫ್ಟಿನಲ್ಲಿ ಸಮಯವೂ ಇರಲಿಲ್ಲ, ಮುಖವೂ ಇರಲಿಲ್ಲ. ‘ಹೌದಜ್ಜಿ, ತಪ್ಪಾಯ್ತು’ ಎಂದೆ. ಈಗ ನಾವು ಸೇರುವುದು ಹೊಸೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ. ಅಲ್ಲಿಗೆ ಹೋಗುವವರೆಗೆ ಎರಡು ಸಾವಿರ ಆರ್‌ಪಿಎಂ ದಾಟಿಸುವುದಿಲ್ಲ, ಮತ್ತು ಕಾಫಿ ರಾತ್ರಿಯೇ ಮಾಡಿಟ್ಟುಕೊಳ್ಳುತ್ತೇನೆ.